ಬೇಡವಾದ ಮಣ್ಣಿನ ದಿಬ್ಬ

ಓದತಕ್ಕ ಭಾಗ: ಲೂಕ 13:6–9



ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಮಣ್ಣಿನ ದಿಬ್ಬವನ್ನು ಕಾಣದವರು ಯಾರು? ಬುನಾದಿ ಅಗೆದಲ್ಲಿ, ಬಾವಿ ತೋಡಿದಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ಹೂಳೆತ್ತಿದಲ್ಲಿ ಅದು ನಿಂತಿರುತ್ತದೆ. ಮನೆಯವನು, ಬಂಡಿಯಲ್ಲಿ ತುಂಬಿ ಊರ ಹೊರಗೆ ಚೆಲ್ಲೋಣ ಅನ್ನುತ್ತಾನೆ. ತೋಟಗಾರನಾದರೋ, ಈ ಮಣ್ಣು ಎಲ್ಲಿಂದ ಬಂತೆಂದು ಮೊದಲು ವಿಚಾರಿಸುತ್ತಾನೆ.

ಹಾಗೆ ವಿಚಾರಿಸುವದು ಅವಶ್ಯ. ಹಟ್ಟಿಯ ಗಣಿಯಲ್ಲಿ ಕಲ್ಲನ್ನು ಅರೆದು ಸಯನೈಡಿನಿಂದ ಚಿನ್ನ ಬಿಡಿಸಿದ ಮೇಲೆ ಉಳಿಯುವ ಪುಡಿಯಲ್ಲಿ ಕಾಯಿಪಲ್ಯ ಬೆಳೆಯಕೂಡದು. ಬಿಳಿ ಉಪ್ಪು ಕಟ್ಟಿದ ಸವಳು ಮಣ್ಣೂ ಹಾಗೆಯೇ ಕೆಲಸಕ್ಕೆ ಬಾರದು. ಆದರೆ ಬಾವಿಯ ಆಳದ ಮಣ್ಣಿಗೆ ವಿಷವಿಲ್ಲ, ಸತ್ವ ಮಾತ್ರ ಇಲ್ಲ. ಅದಕ್ಕೆ ದುಡಿಮೆ ಬೇಕು. ಕಲ್ಲು ಆರಿಸಿ ಹೆಂಟೆ ಒಡೆಯಬೇಕು. ಎರೆಮಣ್ಣನ್ನು ಒದ್ದೆಯಿರುವಾಗ ತುಳಿಯಕೂಡದು, ಇಟ್ಟಿಗೆಯಂತೆ ಗಟ್ಟಿಯಾದೀತು. ಎರಡು ಕಡೆಯಿಂದಲೂ ಕೈ ನಡುವಿಗೆ ಮುಟ್ಟುವಂತೆ 4 ಅಡಿ ಅಗಲಕ್ಕೆ ಮಟ್ಟಮಾಡಿ, ಅಂಚಿಗೆ ಕಲ್ಲಿಟ್ಟು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಬೇಕು. ಮೊದಲು ಸೆಣಬು ಬಿತ್ತಿ, ಹೂ ಬಿಡುವಾಗ ಅದನ್ನು ಮಣ್ಣಿಗೆ ಸೇರಿಸಬೇಕು. ಆ ಮೇಲೆ ಬದನೆ, ಮೆಣಸಿನಗಿಡ ನೆಡಬಹುದು. ಇಳಿಜಾರಿನಲ್ಲಿ ಕುಂಬಳಬಳ್ಳಿ ಹಬ್ಬಿಸಬಹುದು. ಬೇಸಿಗೆಯಲ್ಲಿ ದಿಬ್ಬವು ಬೇಗ ಒಣಗುವದರಿಂದ ಜೋಳದ ಸೊಪ್ಪೆಯನ್ನು ಹೊದಿಸಬೇಕು.

ಇಲ್ಲೊಂದು ಸಂಗತಿಯನ್ನು ಗಮನಿಸಿರಿ. ಮಳೆಗಾಲದಲ್ಲಿ ಎರೆಹೊಲದ ತಗ್ಗಿನಲ್ಲಿ ನೀರು ನಿಂತು ಬೇರು ಕೊಳೆಯುತ್ತಿರಲಾಗಿ, ದಿಬ್ಬದ ಮೇಲಿನ ಗಿಡವು ಉಳಿಯುತ್ತದೆ. ಯಾವ ಎತ್ತರಕ್ಕಾಗಿ ಅದನ್ನು ಬೈದೆವೋ ಆ ಎತ್ತರವೇ ಉಪಕಾರವಾಯಿತು.

ಕರ್ತನ ಸಾಮ್ಯದಲ್ಲಿ ಯಜಮಾನನು ಮೂರು ವರುಷ ಹಣ್ಣು ಹುಡುಕಿ ಕಾಣದೆ ಅಂಜೂರದ ಗಿಡವನ್ನು ಕಡಿಯಹೇಳಿದನು. ತೋಟಗಾರನು ಒಂದು ವರುಷದ ತಾಳ್ಮೆಯನ್ನು ಬೇಡಿಕೊಂಡದ್ದಲ್ಲದೆ, ಅಗೆದು ಗೊಬ್ಬರ ಹಾಕುವ ಕೆಲಸವನ್ನೂ ತನ್ನ ಮೇಲೆ ತೆಗೆದುಕೊಂಡನು.

ನಮ್ಮ ಸಭೆಗಳಲ್ಲಿ ಕುಡಿತಕ್ಕೆ ಬಿದ್ದು ಎದ್ದುಬಂದವನಿದ್ದಾನೆ, ಗಂಡನು ಬಿಟ್ಟುಹೋದ ಹೆಣ್ಣುಮಗಳಿದ್ದಾಳೆ, ಸಾಲಕ್ಕೆ ನಾಚಿ ಆರಾಧನೆಗೆ ಬಾರದವನಿದ್ದಾನೆ. ಇವರ ಹೆಸರುಗಳನ್ನು ಅಳಿಸಿಬಿಡೋಣ ಅನ್ನುವವರೂ ಇದ್ದಾರೆ. ನಮ್ಮ ಹಿರಿಯರನ್ನು ಊರವರು ಊರ ಹೊರಗೆ ಇಟ್ಟಿದ್ದರಲ್ಲವೋ? ಹೊರಗಿಡುವ ನೋವನ್ನು ಅರಿತ ನಾವೇ ಮತ್ತೊಬ್ಬರನ್ನು ಹೊರಗೆ ಚೆಲ್ಲಬಹುದೋ? ಹಾಗೆಂದು ವಿಷವನ್ನು ಮುಚ್ಚಿ ಅದರ ಮೇಲೆ ಗೊಬ್ಬರ ಹರಡುವದು ಪ್ರೀತಿಯಲ್ಲ. ಹೆಂಡತಿಯನ್ನು ಹೊಡೆಯುವವನೂ ಬಡವನನ್ನು ಸುಲಿಯುವವನೂ ಮೊದಲು ಆ ಕೃತ್ಯವನ್ನು ಬಿಟ್ಟು ತಿರುಗಿಕೊಳ್ಳಲಿ. ಬರೀ ಸತ್ವಹೀನನಾದವನನ್ನಾದರೋ ವಿಷವುಳ್ಳವನೆಂದು ಎಣಿಸಬೇಡಿರಿ.

ಮರುವರುಷ ಆ ಗಿಡವು ಹಣ್ಣು ಬಿಟ್ಟಿತೋ ಇಲ್ಲವೋ ಎಂಬದನ್ನು ಕರ್ತನು ಹೇಳಲಿಲ್ಲ. ಆ ಉತ್ತರವು ನಮ್ಮ ಕೈಯ ಗುದ್ದಲಿಯಲ್ಲಿದೆ. ಆದಕಾರಣ ಈ ವಾರ ನಿಮ್ಮಲ್ಲಿ ಪ್ರತಿಯೊಬ್ಬರೂ ಇಂಥವರ ಒಂದು ಮನೆಗೆ ಹೋಗಿರಿ. ಉಪದೇಶ ಹೇಳುವದಕ್ಕೆ ಮೊದಲು ಅವರ ಸಂಗಡ ಕೂತು ಒಂದು ಹೊತ್ತು ಊಟಮಾಡಿರಿ. ಬೆಳೆಸುವವನು ದೇವರೇ. ಆಮೆನ್.