ದಾಕ್ಷಿಣ್ಯದ ಹೂಂ

ಕುಟುಂಬವೊಂದು ಒಟ್ಟಾಗಿ ಹೊರಟಾಗ ಅದರ ವೇಗವನ್ನು ನಿರ್ಧರಿಸಬೇಕಾದವರು ಯಾರು? ಬೇಗ ನಡೆಯುವವರೋ, ನಿಧಾನವಾಗಿ ನಡೆಯುವವರೋ? ಬೆಟ್ಟ ಹತ್ತುವುದಾದರೆ ಈ ಪ್ರಶ್ನೆ ಅಷ್ಟೇನೂ ಕಠಿಣವಲ್ಲ. ಆಯಾಸವಾದವರು ದಾರಿಬದಿಯ ಕಲ್ಲಿನ ಮೇಲೆ ಕುಳಿತು, ಮುಂದೆ ಹೋದವರು ಮರಳುವ ತನಕ ಕಾಯಬಹುದು. ಸಮುದ್ರದಲ್ಲಿ ದಾರಿಬದಿಯ ಕಲ್ಲು ಇರುವುದಿಲ್ಲ. ಆದುದರಿಂದಲೇ ಅಲ್ಲಿ ಇದು ಅನುಕೂಲದ ಪ್ರಶ್ನೆಯಾಗಿ ಉಳಿಯದೆ ನೀತಿಯ ಪ್ರಶ್ನೆಯಾಗುತ್ತದೆ.

ನಾನು ಇದನ್ನು ಯೋಚಿಸಬೇಕಾಗಿ ಬಂದದ್ದು ಮಕ್ಕಳ ಒಂದು ಆಸೆಯಿಂದ. ಬ್ಯಾಂಕಿನ ಗುಮಾಸ್ತನಿಗೆ ರಜೆಯ ಪ್ರಯಾಣಕ್ಕೆಂದು ಒಂದು ಸೌಲಭ್ಯವಿದೆ. ಈ ಸಲ ಅದನ್ನು ದೇವಸ್ಥಾನಗಳ ಯಾತ್ರೆಗೆ ಬಳಸದೆ ಸ್ನಾರ್ಕೆಲಿಂಗಿಗೆ ಹೋಗಬೇಕೆಂದು ಮಗ ಮತ್ತು ಮಗಳ ಒತ್ತಾಯ. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಕಟ್ಟಿ, ಬಾಯಲ್ಲಿ ಒಂದು ಬಾಗಿದ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಹವಳವನ್ನೂ ಮೀನುಗಳನ್ನೂ ನೋಡುವ ಆಟವದು. ಮುಳುಗಬೇಕಾಗಿಲ್ಲ, ಬರೇ ತೇಲಿದರೆ ಸಾಕು. ಉಪ್ಪುನೀರು ಕೆರೆಯ ನೀರಿಗಿಂತ ದೇಹವನ್ನು ಚೆನ್ನಾಗಿ ಎತ್ತಿ ಹಿಡಿಯುತ್ತದೆ, ಮೇಲೆ ಲೈಫ್ ಜಾಕೆಟ್ ಇರುತ್ತದೆ. ಹೇಳುವಾಗ ಎಲ್ಲವೂ ಸುಲಭ.

ಆದರೆ ನಮ್ಮ ಮನೆಯ ಲೆಕ್ಕ ಬೇರೆ. ಮಗನೂ ನನ್ನ ಭಾವಮೈದನೂ ಚೆನ್ನಾಗಿ ಈಜುತ್ತಾರೆ. ಮಗಳು ಕೊಳದ ಅಡ್ಡಗಲವನ್ನು ಮಾತ್ರ ದಾಟಬಲ್ಲಳು. ನಾನು ದೇವಸ್ಥಾನದ ಕೆರೆಯ ಆಚೆ ದಡವನ್ನು ಕಷ್ಟದಲ್ಲಿ ಮುಟ್ಟುವವ. ಸುಳ್ಯದಿಂದ ಮಡಿಕೇರಿಗೆ ಘಟ್ಟ ಹತ್ತುವ ಬಸ್ಸಿನಲ್ಲೇ ಲಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುವವಳು ನನ್ನ ಹೆಂಡತಿ. ಎಪ್ಪತ್ತು ದಾಟಿದ ಅಮ್ಮ ಹುಟ್ಟಿದಂದಿನಿಂದ ಕಡಲಿನ ಸದ್ದು ಕೇಳಿದವರು. ಆದರೆ ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಹೋದಾಗಲೂ ಯಾರದಾದರೂ ಕೈ ಹಿಡಿಯದೆ ಮೊಣಕಾಲಿನಿಂದ ಮೇಲೆ ನೀರಿಗೆ ಇಳಿದವರಲ್ಲ.

ನಮ್ಮ ಮುಂದೆ ಎರಡು ಜಾಗಗಳಿದ್ದವು. ಒಂದು, ಮುರ್ಡೇಶ್ವರದಾಚೆಯ ನೇತ್ರಾಣಿ. ತೀರದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಒಂದು ಗಂಟೆಗೂ ಮೇಲಿನ ದಾರಿ. ಅದು ಬಂಡೆಗಳ ದ್ವೀಪ. ಕಾಲೂರಿ ನಿಲ್ಲುವ ಮರಳಿನ ದಂಡೆ ಇಲ್ಲ. ನಿಂತ ದೋಣಿಯಿಂದಲೇ ಆಳದ ನೀರಿಗೆ ಇಳಿಯಬೇಕು. ಓಡುವ ದೋಣಿಗಿಂತ ಲಂಗರು ಹಾಕಿ ನಿಂತ ದೋಣಿ ಹೊಟ್ಟೆಯನ್ನು ಹೆಚ್ಚು ತೊಳೆಸುತ್ತದೆ ಎಂದು ಕಡಲಿಗೆ ಹೋಗುವವರೆಲ್ಲ ಹೇಳುತ್ತಾರೆ.

ಇನ್ನೊಂದು ಲಕ್ಷದ್ವೀಪ. ಕಾಸರಗೋಡಿನವರಿಗೆ ಅದು ತೀರಾ ಪರಸ್ಥಳವೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ನಮ್ಮಂತೆಯೇ ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ತೆಂಗಿನ ನಾರು, ಕೊಬ್ಬರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತಕ್ಕೆ ಸೇರಿದವು. ಅಲ್ಲಿ ಹವಳದ ದಿಬ್ಬವೇ ಗೋಡೆಯಂತೆ ನಿಂತು ಹೊರಗಿನ ಅಲೆಯನ್ನು ತಡೆಯುತ್ತದೆ. ಒಳಗಿನ ನೀರು ತಿಳಿ, ಶಾಂತ. ಎಷ್ಟೋ ಕಡೆ ಎದೆಯ ಮಟ್ಟ ಮಾತ್ರ. ಈಜು ಬಾರದವರಿಗೆ ಇದಕ್ಕಿಂತ ಒಳ್ಳೆಯ ನೀರು ಸಿಗಲಾರದು. ಆದರೆ ಕೊಚ್ಚಿಯಿಂದ ಹಡಗಿನಲ್ಲಿ 14ರಿಂದ 18 ಗಂಟೆಗಳ ಪ್ರಯಾಣ. ಎಷ್ಟೋ ದ್ವೀಪಗಳಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ನಡುನೀರಿನಲ್ಲಿ ಸಣ್ಣ ದೋಣಿಗೆ ದಾಟಿಕೊಳ್ಳಬೇಕು.

ತೊಡಕು ಇಲ್ಲಿಯೇ ಇದೆ. ಈಜಿನಲ್ಲಿ ದುರ್ಬಲರಾದವರಿಗೆ ದೂರದ ಶಾಂತ ನೀರು ಬೇಕು. ಹೊಟ್ಟೆ ತೊಳೆಸುವವರಿಗೆ ಹತ್ತಿರದ ಪ್ರಯಾಣ ಬೇಕು. ಒಬ್ಬರ ಕ್ಷೇಮ ಇನ್ನೊಬ್ಬರ ಸಂಕಟ. ದುರ್ಬಲರ ಪರವಾಗಿ ನಿಲ್ಲಬೇಕು ಎನ್ನುವುದು ಸುಲಭ. ಮನೆಯಲ್ಲಿ ಎರಡು ಬಗೆಯ ದೌರ್ಬಲ್ಯಗಳಿರುವಾಗ ಯಾರ ಪರವಾಗಿ ನಿಲ್ಲುವುದು?

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಇವೆರಡೂ ಪುಕ್ಕಲುತನವಲ್ಲ. ಕಿವಿಯೊಳಗಿನ ಸಮತೋಲದ ಅಂಗ 'ಅಲುಗುತ್ತಿದ್ದೇವೆ' ಎನ್ನುತ್ತದೆ. ದೋಣಿಯ ಹಲಗೆಯನ್ನು ನೋಡುವ ಕಣ್ಣು 'ಇಲ್ಲ, ನಿಂತಿದ್ದೇವೆ' ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳವೇ ವಾಂತಿಯಾಗಿ ಹೊರಬರುತ್ತದೆ. ದೂರದ ದಿಗಂತವನ್ನು ನೋಡಿದರೆ ಜಗಳ ಸ್ವಲ್ಪ ತಗ್ಗುತ್ತದೆ. ದೋಣಿಯ ನಡುಭಾಗದಲ್ಲಿ, ಗಾಳಿ ಬರುವ ಕಡೆ, ಡೀಸೆಲ್ ವಾಸನೆಯಿಂದ ದೂರ ಕೂತರೆ ಉತ್ತಮ. ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತೆಗೆದುಕೊಂಡು ಫಲವಿಲ್ಲ, ಹೊರಡುವ ಮೊದಲೇ ನುಂಗಬೇಕು. ಆದರೆ ಅಂಥ ಹಲವು ಮಾತ್ರೆಗಳು ನಿದ್ದೆ ಬರಿಸುತ್ತವೆ, ತೂಕಡಿಸುವವರು ನೀರಿಗಿಳಿಯಬಾರದು. ಇಂಗ್ಲೆಂಡಿನ ನೌಕಾಪತಿ ನೆಲ್ಸನ್‌ನಿಗೂ ಕಡಲಿನಲ್ಲಿ ಹೊಟ್ಟೆ ತೊಳೆಸುತ್ತಿತ್ತು. ಅವನನ್ನು ಯಾರೂ ಹೇಡಿ ಎಂದಿಲ್ಲ. ನೀರಿನ ಭಯವೂ ಹಾಗೆಯೇ. ಹುಟ್ಟಿನಿಂದ ಮೂಗಿನಲ್ಲಿ ಉಸಿರಾಡಿದ ದೇಹಕ್ಕೆ ಏಕಾಏಕಿ ಬಾಯಿಯಲ್ಲಿ ಉಸಿರಾಡು, ಅದೂ ಮುಖ ನೀರಿನಲ್ಲಿಟ್ಟುಕೊಂಡು ಎಂದರೆ ಅದು ಪ್ರತಿಭಟಿಸುವುದೇ ಆರೋಗ್ಯದ ಲಕ್ಷಣ.

ಹಾಗಾದರೆ ಮನೆಯ ಯಜಮಾನನೆನಿಸಿಕೊಂಡವನು ಏನು ಮಾಡಬೇಕು? 'ಅಮ್ಮ ಬರುವುದು ಬೇಡ' ಎಂದು ತಾನೇ ತೀರ್ಮಾನಿಸುವುದು ಒಂದು ದಾರಿ. ಅದು ಪ್ರೀತಿಯಂತೆ ಕಾಣುತ್ತದೆ. ಆದರೆ ವಯಸ್ಸಾದವರನ್ನು ಮನೆಯ ಸಾಮಾನಿನಂತೆ ಒಂದು ಮೂಲೆಯಲ್ಲಿ ಇಡುವ ಪ್ರೀತಿ. 'ಎಲ್ಲರೂ ಬರಲೇಬೇಕು' ಎಂದು ಎಳೆದೊಯ್ಯುವುದು ಇನ್ನೊಂದು ದಾರಿ. ಮೂರನೆಯದು, ಅವರವರ ಇಷ್ಟಕ್ಕೆ ಬಿಡುವುದು. ಜಾನ್ ಸ್ಟುವರ್ಟ್ ಮಿಲ್ ಎಂಬ ಇಂಗ್ಲಿಷ್ ಚಿಂತಕ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ಶಿಥಿಲವಾದ ಸೇತುವೆಯ ಕಡೆ ಒಬ್ಬ ಹೋಗುತ್ತಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಅವನನ್ನು ಹಿಡಿದು ನಿಲ್ಲಿಸುವುದು ತಪ್ಪಲ್ಲ, ಏಕೆಂದರೆ ನದಿಗೆ ಬೀಳುವುದು ಅವನ ಇಚ್ಛೆಯಲ್ಲ. ಆದರೆ ಅಪಾಯ ಖಚಿತವಲ್ಲದೆ ಬರೇ ಸಂಭವವಾಗಿರುವಾಗ, ಪ್ರಾಯಕ್ಕೆ ಬಂದ, ಬುದ್ಧಿ ಸ್ತಿಮಿತದಲ್ಲಿರುವ ಮನುಷ್ಯನಿಗೆ ಎಚ್ಚರಿಕೆ ಹೇಳಿದರೆ ಸಾಕು. ದಾಟುವುದೋ ಬಿಡುವುದೋ ಅವನಿಗೆ ಸೇರಿದ್ದು.

ಒಳ್ಳೆಯ ಮಾತು. ಆದರೆ ಮಿಲ್‌ನ ಮನುಷ್ಯ ಸೇತುವೆಯ ಮೇಲೆ ಒಂಟಿಯಾಗಿದ್ದಾನೆ. ನಮ್ಮ ಮನೆಗಳಲ್ಲಿ ಯಾರೂ ಒಂಟಿಯಾಗಿ ಸೇತುವೆ ದಾಟುವುದಿಲ್ಲ. ಹಿಂದೆ ಮೊಮ್ಮಕ್ಕಳು ನಿಂತಿರುತ್ತಾರೆ, ಮುಂದೆ ಅಳಿಯ ಕೈಬೀಸಿ ಕರೆಯುತ್ತಿರುತ್ತಾನೆ. ಅಂಥಲ್ಲಿ ಕೇಳಿಬರುವ 'ಹೂಂ' ಎಂಬ ಉತ್ತರ ಯಾರದು?

ಇಂಥ 'ಹೂಂ'ಗಳನ್ನು ಬ್ಯಾಂಕಿನ ಮೇಜಿನ ಈಚೆ ಕೂತು ನಾನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಸಾಲಕ್ಕೆ ಜಾಮೀನು ಹಾಕಲು ಬಂದವರಿಗೆ, ಸಾಲಗಾರನಷ್ಟೇ ಹೊಣೆ ನಿಮ್ಮದೂ ಆಗುತ್ತದೆ ಎಂದು ವಿವರಿಸುತ್ತೇನೆ. ಅವರು ತಲೆಯಾಡಿಸುತ್ತಾರೆ. ಕೈ ಮಾತ್ರ ಸಹಿಯ ಗೆರೆಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಅಕ್ಕನ ಗಂಡ ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? 1872ರ ಭಾರತೀಯ ಕರಾರು ಕಾಯಿದೆಯ 14ನೆಯ ಕಲಮು ಸ್ವತಂತ್ರ ಸಮ್ಮತಿ ಎಂದರೇನೆಂದು ಹೇಳುತ್ತದೆ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ಸುಳ್ಳು ನಿರೂಪಣೆ, ತಪ್ಪು ತಿಳಿವಳಿಕೆ ಈ ಐದರಿಂದ ಹುಟ್ಟದ ಸಮ್ಮತಿ ಸ್ವತಂತ್ರ. ದಾಕ್ಷಿಣ್ಯ ಎಂಬ ಆರನೆಯದು ಆ ಪಟ್ಟಿಯಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ. ಅದನ್ನು ಸೇರಿಸಿದರೆ ನಮ್ಮ ಊರಿನ ಅರ್ಧಕ್ಕರ್ಧ ಜಾಮೀನುಪತ್ರಗಳು ಬಿದ್ದುಹೋದಾವು.

ದೋಣಿ ಹತ್ತುವ ಮೊದಲು ಪ್ರವಾಸಿಗಳಿಂದಲೂ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಬರುವ ಅಪಾಯವನ್ನು ತಿಳಿದೇ ಬಂದಿದ್ದೇನೆ ಎಂದು ಅದರ ಸಾರಾಂಶ. ಕಾನೂನಿಗೆ ಅಷ್ಟು ಸಾಕು. ಮನೆಯವರಿಗೆ ಸಾಲದು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕೈಬೀಸುವುದು ಅಪರೂಪ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರು ಎಳೆದುಕೊಳ್ಳುವುದೇ ದೊಡ್ಡ ಕೆಲಸ. ಕೂಗಲು ಉಸಿರು ಉಳಿಯುವುದಿಲ್ಲ. ಪಕ್ಕದಲ್ಲೇ ಇದ್ದವರಿಗೂ ತಿಳಿಯದೆ ಹೋಗುತ್ತದೆ. ಸಂಕಟವನ್ನು ಹೇಳದೆ ನುಂಗುವುದನ್ನೇ ಸದ್ಗುಣವೆಂದು ಕಲಿತವರನ್ನು ಅಂಥ ನೀರಿಗೆ ಇಳಿಸುವಾಗ, ಅವರು ಎರಡು ಪಟ್ಟು ಮೌನಿಗಳು ಎಂಬುದನ್ನು ನೆನಪಿಡಬೇಕು.

ಇದು ಬರೇ ತರ್ಕವಲ್ಲ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿ ಮೀರಿ ಜನರನ್ನು ತುಂಬಿಸಿದ್ದ ವಿಹಾರದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು, ಹಲವರು ಒಂದೇ ಕುಟುಂಬದವರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಅಂಥ ದೋಣಿಯ ಮೆಟ್ಟಿಲಲ್ಲಿ ನಿಂತು 'ಜನ ಜಾಸ್ತಿಯಾಯಿತು, ನಾವು ಇಳಿಯೋಣ' ಎನ್ನಲು ಎಷ್ಟು ಧೈರ್ಯ ಬೇಕು! ಟಿಕೆಟು ತೆಗೆದಾಗಿದೆ, ಮಕ್ಕಳು ಹತ್ತಿಯಾಗಿದೆ, ಹಿಂದಿನವರು ನೂಕುತ್ತಿದ್ದಾರೆ. 'ಬೇಡ' ಎಂಬ ಎರಡಕ್ಷರಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಆದುದರಿಂದ ನನ್ನ ತೀರ್ಮಾನ ಇಷ್ಟು: ದುರ್ಬಲರ 'ಹೂಂ' ಪಡೆಯುವುದು ಸಬಲರ ಕರ್ತವ್ಯವಲ್ಲ. ಅವರ 'ಬೇಡ' ಎಂಬ ಮಾತನ್ನು ಅಗ್ಗ ಮಾಡಿಕೊಡುವುದು ಕರ್ತವ್ಯ. ಯಾವ ನಷ್ಟವೂ ಮುಜುಗರವೂ ಇಲ್ಲದೆ 'ಬೇಡ' ಎನ್ನಬಹುದಾದಲ್ಲಿ ಮಾತ್ರ 'ಹೂಂ' ಎಂಬುದಕ್ಕೆ ಬೆಲೆಯಿದೆ.

ಅಗ್ಗ ಮಾಡುವುದು ಹೇಗೆ? ಊಟಕ್ಕೆ ಎಲ್ಲರೂ ಕೂತಿರುವಾಗ ಕೇಳದೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳುವುದು. 'ಬರುತ್ತೀರಾ?' ಎಂದು ಕೇಳದೆ, 'ನೀರಿಗಿಳಿಯುವುದು, ದೋಣಿಯಲ್ಲೇ ಕೂರುವುದು, ದಡದಲ್ಲಿರುವುದು, ಇದರಲ್ಲಿ ಯಾವುದು ಇಷ್ಟ?' ಎಂದು ಕೇಳುವುದು. ದಡದಲ್ಲಿ ಉಳಿಯುವವರ ಜೊತೆ ಈಜು ಬಲ್ಲವನೊಬ್ಬ ಸರದಿಯಂತೆ ಉಳಿಯುವುದು. ಆಗ ದಡವು ಉಳಿದುಹೋದವರ ಜಾಗವೆನಿಸುವುದಿಲ್ಲ. ಕೊಟ್ಟ ದುಡ್ಡನ್ನು ಕೊಟ್ಟಂದೇ ಖರ್ಚು ಬರೆದುಬಿಡುವುದು. ದುಡ್ಡು ಹಾಳಾಗುತ್ತದೆಂದು ನೀರಿಗಿಳಿದವರು ಬಹಳ ಮಂದಿ. ಹೊರಡುವ ಒಂದು ತಿಂಗಳ ಮೊದಲೇ ಊರಿನ ಕೊಳದಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಮುಖವಾಡವನ್ನೂ ಕೊಳವೆಯನ್ನೂ ಅಭ್ಯಾಸ ಮಾಡುವುದು. ಕೊಳವೆಗೆ ನೀರು ನುಗ್ಗಿದಾಗ ಫೂ ಎಂದು ಊದಿ ಹೊರಹಾಕಲು ಬಂದ ದಿನ ಅರ್ಧ ಭಯ ಹೋಗುತ್ತದೆ. ಹೋಗದಿದ್ದರೆ ಅದೂ ಅಲ್ಲಿಯೇ ತಿಳಿಯುತ್ತದೆ. ನೀರಿನಲ್ಲಿ ಈಜು ಬಾರದ ಒಬ್ಬರಿಗೆ ಬಲ್ಲವನೊಬ್ಬ, ಕೈಗೆಟಕುವ ದೂರದಲ್ಲಿ. 'ಸಾಕು' ಎಂದವರನ್ನು ಆ ಕ್ಷಣವೇ ದಡಕ್ಕೆ ಕರೆತರುವುದು, ಏಕೆ ಎಂದು ಕೇಳದೆ.

ಏಕೆ ಎಂದು ಕೇಳಬಾರದೆನ್ನಲು ಕಾರಣವಿದೆ. ಮಹಾಭಾರತದ ಮಹಾಪ್ರಸ್ಥಾನದಲ್ಲಿ ದ್ರೌಪದಿ ಮೊದಲು ಬೀಳುತ್ತಾಳೆ, ಆಮೇಲೆ ತಮ್ಮಂದಿರು ಒಬ್ಬೊಬ್ಬರಾಗಿ. ಯುಧಿಷ್ಠಿರ ಹಿಂದಿರುಗಿ ನೋಡುವುದಿಲ್ಲ. ಭೀಮ ಕೇಳಿದಾಗ ಬಿದ್ದವರ ಒಂದೊಂದು ದೋಷವನ್ನು ಹೇಳುತ್ತಾ ಮುಂದೆ ನಡೆಯುತ್ತಾನೆ. ನಾವೂ ಹಾಗೆಯೇ; ಹಿಂದೆ ಬಿದ್ದವರಿಗೆ ಒಂದು ದೋಷ ಹುಡುಕಿದರೆ ನಮ್ಮ ನಡಿಗೆ ಹಗುರಾಗುತ್ತದೆ. 'ಅವಳದು ಯಾವಾಗಲೂ ಹೀಗೆಯೇ' ಎಂಬ ಮಾತು ಯಾವ ಮನೆಯಲ್ಲಿಲ್ಲ? ಅದೇ ಧರ್ಮರಾಯ ಸ್ವರ್ಗದ ರಥದೆದುರು ಒಂದು ನಾಯಿಗಾಗಿ ನಿಂತುಬಿಡುತ್ತಾನೆ. ನಾಯಿ ಬರುತ್ತೇನೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅದರ ದೋಷವನ್ನು ಎಣಿಸದೆ ಅವನು ರಥದ ನಿಯಮವನ್ನೇ ಪ್ರಶ್ನಿಸಿದ. ಪ್ರವಾಸದ ಯೋಜನೆ ಹಾಕುವವನಿಗೆ ಬೇಕಾದ ಧರ್ಮ ಈ ಎರಡನೆಯದು.

ದಾಕ್ಷಿಣ್ಯ ಎಂಬ ಶಬ್ದ ಈ ಸಂಚಿಕೆಯ ಎರಡೂ ಭಾಷೆಗಳಲ್ಲಿ ಇದೆ. ಆದರೆ ಕನ್ನಡದಲ್ಲಿ ಅದು ಹೆಚ್ಚಾಗಿ ಇಲ್ಲ ಎನ್ನಲಾಗದವನ ಸಂಕೋಚ. ದಾಕ್ಷಿಣ್ಯಕ್ಕೆ ಬಸಿರಾದ ಗಾದೆ ಎಲ್ಲರಿಗೂ ಗೊತ್ತು. ಮಲಯಾಳದಲ್ಲಿ ದಾಕ್ಷಿಣ್ಯಂ ಎಂದರೆ ಮುಖ್ಯವಾಗಿ ಕನಿಕರ, ಬಲವುಳ್ಳವನು ತೋರಿಸಬೇಕಾದ ದಯೆ. ಒಂದೇ ಶಬ್ದದ ಈ ಎರಡು ಅರ್ಥಗಳ ನಡುವೆ ಬಾಳುವ ಗಡಿನಾಡಿನವರಿಗೆ ಒಂದು ವಿಷಯ ಬೇಗ ಹೊಳೆಯಬೇಕು. ಸಬಲರಲ್ಲಿ ಮಲಯಾಳದ ದಾಕ್ಷಿಣ್ಯವಿದ್ದರೆ ದುರ್ಬಲರು ಕನ್ನಡದ ದಾಕ್ಷಿಣ್ಯಕ್ಕೆ ಸಿಕ್ಕಿ ನರಳಬೇಕಾಗಿಲ್ಲ.

ಅರ್ಥವಾಗದ ಅರ್ಜಿಗೆ ತಲೆಯಾಡಿಸಿ, ಓದಲಾಗದ ಬೋರ್ಡಿನ ಕೆಳಗೆ ನಿಂತು 'ಸಾರವಿಲ್ಲ' ಎಂದು ಸುಧಾರಿಸಿಕೊಂಡು ಬಂದವರು ನಾವು. ನಮ್ಮ ಆ ತಲೆಯಾಟವನ್ನು ಒಪ್ಪಿಗೆಯೆಂದು ಯಾರಾದರೂ ಬರೆದುಕೊಂಡಾಗ ಆಗುವ ನೋವು ನಮಗೆ ತಿಳಿದಿದೆ. ಹೊರಗೆ ಅಲ್ಪಸಂಖ್ಯಾತರಾಗಿರುವ ನಾವು ಮನೆಯೊಳಗೆ ಒಬ್ಬ ಮುದುಕಿಯ ಎದುರು ಬಹುಸಂಖ್ಯಾತರು. ಹೊರಗೆ ಬೇಡುವ ನ್ಯಾಯವನ್ನು ಒಳಗೆ ಕೊಡಲು ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಬೇರೆಬೇರೆಯಾಗಿ ಕೇಳಿದಾಗ ಬಂದ ಉತ್ತರಗಳು ಸ್ವಾರಸ್ಯವಾಗಿದ್ದವು. ಹೆಂಡತಿಗೆ ನೀರಿನ ಭಯವಿಲ್ಲ, ಹವಳ ನೋಡುವ ಆಸೆ ಬೇಕಾದಷ್ಟಿದೆ. ಹಡಗು ಮಾತ್ರ ಬೇಡ. ಮಗಳಿಗೆ ಲೈಫ್ ಜಾಕೆಟ್ ಹಾಕಿಕೊಂಡರೆ ಮಾವನ ತಮಾಷೆ ಕೇಳಬೇಕಲ್ಲ ಎಂಬ ಚಿಂತೆ. ಅಮ್ಮ 'ಸಾರವಿಲ್ಲ, ನೀವೆಲ್ಲ ಹೋಗಿ ಬನ್ನಿ' ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀರಿಗೆ ನಾನು ಇಳಿಯುವುದಿಲ್ಲ. ಆದರೆ ಆ ನೀಲಿ ನೀರನ್ನು ಒಮ್ಮೆ ನೋಡಬೇಕು' ಎಂದರು. ಕೊಚ್ಚಿಯಿಂದ ಅಗತ್ತಿ ದ್ವೀಪಕ್ಕೆ ವಿಮಾನವಿದೆ, ಸುಮಾರು ಒಂದೂವರೆ ಗಂಟೆ. ಖರ್ಚು ಹೆಚ್ಚು, ನಾಲ್ಕು ದಿನ ಇರಬೇಕೆಂದಿದ್ದದ್ದು ಎರಡಕ್ಕೆ ಇಳಿಯುತ್ತದೆ. ಅಲ್ಲಿ ತಳಕ್ಕೆ ಗಾಜು ಕೂರಿಸಿದ ದೋಣಿಗಳಿವೆ. ಕೂತಲ್ಲಿಂದಲೇ ಹವಳ ಕಾಣುತ್ತದೆ. ನೇತ್ರಾಣಿ ಮಗನಿಗೂ ಭಾವಮೈದನಿಗೂ ಇನ್ನೊಂದು ವರ್ಷಕ್ಕಿರಲಿ. ಪ್ರವೇಶದ ಅನುಮತಿಗೆ ಆರು ಮಂದಿಯ ಅರ್ಜಿ ತುಂಬಿಸಿದ್ದೇನೆ. ಅಮ್ಮನ ಸಹಿಯ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ; ಕೊನೆಯ ದಿನದ ತನಕವೂ ಅವರಿಗೆ ಮನಸ್ಸು ಬದಲಾಯಿಸುವ ಹಕ್ಕಿದೆ.