ಒಂದು ಕಿಲೋ ಬೇಳೆ ಯಾರ ತಾಟಿನಿಂದ ಹೋಯಿತು?



ಧಮ್ಮ ಬಂಧುಗಳೇ, ಭಗಿನಿಯರೇ, ಇಂದಿನ ಚಿಂತನೆ ಒಂದು ಕಿರಾಣಿ ಚೀಟಿಯಿಂದ ಶುರುವಾಗುತ್ತದೆ. ಇದರಲ್ಲಿ ನನ್ನ ತಪ್ಪೊಂದಿದೆ. ಅದನ್ನು ಮುಚ್ಚಿಟ್ಟು ಧಮ್ಮದ ಮಾತು ಹೇಳಲು ಮನಸ್ಸು ಒಪ್ಪುತ್ತಿಲ್ಲ.

2024ರ ಅಕ್ಟೋಬರ್ 14, ಧಮ್ಮಚಕ್ರ ಪ್ರವರ್ತನ ದಿನ. ನಿಡೋಣಿಯ ನಮ್ಮ ಓಣಿಯಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಮಾತಾಡುವ ಸರದಿ ನನ್ನದಿತ್ತು. ಎಲ್ಲರ ಬಾಯಲ್ಲಿ ಆಗ ಒಂದೇ ಮಾತು, ತುಟ್ಟಿ. ತೊಗರಿ ಬೇಳೆ ಕಿಲೋಗೆ 160 ದಾಟಿತ್ತು. ಬೆಳ್ಳುಳ್ಳಿ ಮುಟ್ಟುವಂತಿರಲಿಲ್ಲ. ಹೊರದೇಶದಿಂದ ಬರುವ ಕಚ್ಚಾ ಅಡುಗೆ ಎಣ್ಣೆಯ ಮೇಲೆ ಸೊನ್ನೆ ಇದ್ದ ಮೂಲ ಸುಂಕವನ್ನು ಕೇಂದ್ರ ಸರ್ಕಾರ ಸೆಪ್ಟೆಂಬರ್ 14ರಿಂದ ಶೇ. 20ಕ್ಕೆ ಏರಿಸಿತ್ತು. ಎಣ್ಣೆ ಪಾಕೀಟಿನ ಬೆಲೆ ನೋಡನೋಡುತ್ತ ಏರಿತ್ತು.

ನಾನು ಆರಿಸಿಕೊಂಡ ವಿಷಯ ಸಮಜೀವಿತ. ಕೋಲಿಯರ ದೀಘಜಾಣು ಎಂಬ ಗೃಹಸ್ಥ ಭಗವಾನ್ ಬುದ್ಧರ ಬಳಿ ಬಂದು, ನಾವು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವವರು, ನಮಗೆ ಹೊಂದುವ ಮಾತು ಹೇಳಿ ಎಂದು ಕೇಳಿದ ಕಥೆ ನಿಮಗೆ ಗೊತ್ತು. ಬುದ್ಧರು ಅವನಿಗೆ ನಾಲ್ಕು ಸಂಗತಿ ಹೇಳಿದರು. ಶ್ರಮಪಟ್ಟು ದುಡಿ, ದುಡಿದದ್ದನ್ನು ಕಾಪಾಡಿಕೋ, ಒಳ್ಳೆಯವರ ಸಂಗದಲ್ಲಿರು, ಆದಾಯ ಮತ್ತು ಖರ್ಚನ್ನು ತೂಗಿ ಬಾಳು. ಈ ನಾಲ್ಕನೆಯದೇ ಸಮಜೀವಿತ. ತಕ್ಕಡಿ ಹಿಡಿದವನಿಗೆ ಯಾವ ಕಡೆ ಎಷ್ಟು ಜಗ್ಗಿತು, ಯಾವ ಕಡೆ ಎಷ್ಟು ಏರಿತು ಎಂದು ಗೊತ್ತಿರುವಂತೆ ಗೃಹಸ್ಥನಿಗೂ ಗೊತ್ತಿರಬೇಕು ಎಂದು ಅವರು ಹೋಲಿಕೆ ಕೊಟ್ಟರು.

ಇಷ್ಟು ಹೇಳಿ ನಾನು ಹೆಣ್ಣುಮಕ್ಕಳು ಕುಳಿತ ಕಡೆ ತಿರುಗಿ, "ತಾಯಂದಿರೇ, ಎಣ್ಣಿ ಕೈ ಹಿಡಿದು ಹಾಕ್ರಿ, ಬ್ಯಾಳಿ ಸ್ವಲ್ಪ ತಿಳಿ ಮಾಡ್ರಿ, ಸಂಸಾರ ತೂಗಿಸೂದು ನಿಮ್ಮ ಕೈಯಾಗದ" ಎಂದೆ. ಗಂಡಸರು ತಲೆಯಾಡಿಸಿದರು. ಹೆಣ್ಣುಮಕ್ಕಳು ಸುಮ್ಮನೆ ಕುಳಿತಿದ್ದರು.

ಮುಂದಿನ ವಾರ ನನ್ನ ಹೆಂಡತಿಗೆ ಜ್ವರ ಬಂತು. ತಿಂಗಳ ಸಂತಿ ತರಲು ನಾನೇ ಚೀಟಿ ಹಿಡಿದು ಹೋದೆ. ಚೀಟಿಯಲ್ಲಿ ತೊಗರಿ ಬೇಳೆ ಎರಡು ಕಿಲೋ ಎಂದಿತ್ತು. ನಮ್ಮ ಮನೆಯಲ್ಲಿ ಐದು ಜನ, ತಿಂಗಳಿಗೆ ಮೂರು ಕಿಲೋ ಬೇಕು. ಜ್ವರದಲ್ಲಿ ತಪ್ಪಿ ಬರೆದಿದ್ದಾಳೆಂದು ಅಂಗಡಿಯವರಿಗೆ "ಮೂರು ಕಿಲೋ ಕಟ್ಟರಿ" ಅಂದೆ. ಅವರು ಅಂದರು, "ಯಾಕ್ರಿ ಸರ, ಮನಿಗೆ ಬೀಗರು ಬಂದಾರೇನು? ಮೂರು ತಿಂಗಳಾತ್ರಿ, ಅಕ್ಕಾರು ಎರಡs ಒಯ್ಯಾಕತ್ತಾರ."

ದಾರಿಯುದ್ದಕ್ಕೂ ಒಂದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ಮೂರು ತಿಂಗಳಲ್ಲಿ ನನ್ನ ತಾಟಿನ ಬೇಳೆ ಕಡಿಮೆಯಾಗಿಲ್ಲ. ಅವ್ವನ ತಾಟಿನದೂ ಆಗಿಲ್ಲ, ಐದನೆಯ ತರಗತಿಯ ಮಗನದೂ ಆಗಿಲ್ಲ. ಹಾಗಾದರೆ ಆ ಒಂದು ಕಿಲೋ ಯಾರ ತಾಟಿನಿಂದ ಹೋಯಿತು?

ಜ್ವರ ಇಳಿದ ಮೇಲೆ ಒಂದು ರಾತ್ರಿ ಊಟ ಮುಗಿದರೂ ನಾನು ಅಡುಗೆಮನೆಯಲ್ಲೇ ಕುಳಿತೆ. ನನ್ನ ಹೆಂಡತಿ ಮತ್ತು ಒಂಬತ್ತನೆಯ ತರಗತಿಯ ಮಗಳು ಕೊನೆಗೆ ಉಣ್ಣಲು ಕುಳಿತರು. ರೊಟ್ಟಿ, ಶೇಂಗಾ ಚಟ್ನಿ, ಅರ್ಧ ಉಳ್ಳಾಗಡ್ಡಿ, ಅಷ್ಟೇ. ಬೇಳೆಯ ಬೋಗುಣಿ ಖಾಲಿಯಾಗಿತ್ತು. "ಬ್ಯಾಳಿ ಯಾಕ ಇಲ್ಲವಾ?" ಅಂತ ಮಗಳನ್ನು ಕೇಳಿದೆ. "ನನಗ ಬ್ಯಾಳಿ ಸೇರೂದಿಲ್ಲ ಪಪ್ಪಾ" ಅಂದಳು. ಚಿಕ್ಕಂದಿನಲ್ಲಿ ಬೋಗುಣಿ ಬಳಿದು ತಿನ್ನುತ್ತಿದ್ದ ಹುಡುಗಿ ಅದು.

ಹೆಂಡತಿ ಅಂದಳು, "ಯಾರಿಗೂ ಕಡಿಮಿ ಬೀಳಬಾರದಂತ ಹಂಗ ಮಾಡೀನ್ರಿ." ಆ 'ಯಾರಿಗೂ' ಎಂಬ ಮಾತಿನಲ್ಲಿ ಅವಳು ತನ್ನನ್ನು ಎಣಿಸಿಯೇ ಇರಲಿಲ್ಲ. ತಾಯಿಯನ್ನು ನೋಡಿ ಮಗಳೂ ತನ್ನನ್ನು ಎಣಿಕೆಯಿಂದ ಬಿಡುವುದನ್ನು ಕಲಿತಿದ್ದಳು. ಸುಳ್ಳು ಹೇಳುವುದಿಲ್ಲ ಎಂಬ ಶೀಲವನ್ನು ನಾವೆಲ್ಲ ಒಟ್ಟಿಗೆ ಪಠಿಸುತ್ತೇವೆ. ಆ ಮಗುವಿನ ಬಾಯಲ್ಲಿ ಸುಳ್ಳು ಬರುವಂತೆ ಮಾಡಿದವನು ನಾನು. ತಕ್ಕಡಿಯ ಕಥೆ ಹೇಳಿದವನಿಗೆ ತನ್ನ ಮನೆಯ ತಕ್ಕಡಿ ಯಾವ ಕಡೆ ಜಗ್ಗಿದೆ ಎಂದೇ ಗೊತ್ತಿರಲಿಲ್ಲ.

ಆ ರಾತ್ರಿ ನನಗೆ ಬಾಬಾಸಾಹೇಬರ ಒಂದು ವಾದ ನೆನಪಾಯಿತು. 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ರೂಪಾಯಿಯ ಸಮಸ್ಯೆಯ ಕುರಿತ ಗ್ರಂಥದಲ್ಲೂ ಆಮೇಲಿನ ಬರಹಗಳಲ್ಲೂ ಅವರು ಇದನ್ನು ಬಿಡಿಸಿ ತೋರಿಸಿದ್ದಾರೆ. ಬೆಲೆಗಳು ಓಡುತ್ತವೆ, ಕೂಲಿ ಕುಂಟುತ್ತ ಹಿಂದೆ ಬರುತ್ತದೆ. ಆಗ ಕೆಲವರಿಗೆ ಆಗುವ ಲಾಭ ದೇಶಕ್ಕೆ ಹೊರಗಿನಿಂದ ಬಂದದ್ದಲ್ಲ, ಅದು ದೇಶದೊಳಗಿನ ಒಂದು ವರ್ಗದ ಕೈಯಿಂದ ಇನ್ನೊಂದು ವರ್ಗದ ಕೈಗೆ ದಾಟಿದ್ದು. ಈ ಮಾತನ್ನು ಮನೆಯೊಳಗೆ ತಂದು ನೋಡಿ. ನಮ್ಮ ಮನೆಯ ಉಳಿತಾಯ ಎಲ್ಲಿಂದಲೋ ಬಂದಿರಲಿಲ್ಲ. ಇಬ್ಬರ ತಾಟಿನಿಂದ ಮೂವರ ತಾಟಿಗೆ ದಾಟಿತ್ತು. ಅದಕ್ಕೆ ನಾನು ಮಿತವ್ಯಯ ಎಂಬ ಹೆಸರಿಟ್ಟಿದ್ದೆ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಶಾಲೆ ಬಿಟ್ಟ ಮೇಲೆ ಗೆಳೆಯರೊಂದಿಗೆ ಚಹಾ, ಮಿರ್ಚಿ ಭಜಿಗೆ ನನ್ನ ಖರ್ಚು ದಿನಕ್ಕೆ 40 ರೂಪಾಯಿ. ತಿಂಗಳಿಗೆ 25 ದಿನವೆಂದರೆ ಸಾವಿರ. ಅಂದಿನ ಬೆಲೆಯಲ್ಲಿ ಆರು ಕಿಲೋ ಬೇಳೆ. ದೀಘಜಾಣುವಿಗೆ ಬುದ್ಧರು ಸಂಪತ್ತು ಸೋರಿಹೋಗುವ ದಾರಿಗಳನ್ನು ಹೇಳುವಾಗ ಕುಡಿತ, ಜೂಜು, ಕೆಟ್ಟ ಸಹವಾಸಗಳನ್ನು ಹೆಸರಿಸಿದರು. ನನಗೆ ಅವಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ ನನ್ನ ತೂತನ್ನು ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ. ಹೆಂಡತಿಯ ಬೇಳೆ ಮಾತ್ರ ಚೀಟಿಯಲ್ಲಿತ್ತು, ಕಡಿತವೂ ಅದಕ್ಕೇ ಬಿತ್ತು.

ಆಳವಿಯ ಬಡ ರೈತನ ಪ್ರಸಂಗವನ್ನು ಧಮ್ಮಪದದ ಅಟ್ಠಕಥೆಯಲ್ಲಿ ಓದಿದ್ದೇವೆ. ಅವನಿಗೆ ಧಮ್ಮ ಕೇಳುವ ಆಸೆ. ಅದೇ ಬೆಳಗ್ಗೆ ಎತ್ತು ಕಳೆದುಹೋಯಿತು. ಹುಡುಕಿ ಹಿಡಿದು ತಂದು, ಹಸಿದ ಹೊಟ್ಟೆಯಲ್ಲೇ ಓಡಿ ಬಂದ. ಜನರೆಲ್ಲ ಕಾಯುತ್ತಿದ್ದರೂ ಬುದ್ಧರು ಅವನು ಬರುವವರೆಗೆ ಬಾಯಿ ತೆರೆಯಲಿಲ್ಲ. ಬಂದ ಮೇಲೆ ಮೊದಲು ವಿಚಾರಿಸಿದ್ದು, ಊಟ ಏನಾದರೂ ಉಳಿದಿದೆಯೇ ಎಂದು. ಅವನನ್ನು ಕೂರಿಸಿ ಉಣಿಸಿದ ಮೇಲೆಯೇ ಉಪದೇಶ. ಇದೇಕೆ ಹೀಗೆ ಎಂದು ಭಿಕ್ಖುಗಳು ಗೊಣಗಿದಾಗ, ರೋಗಗಳಲ್ಲೆಲ್ಲ ಹಸಿವು ದೊಡ್ಡದೆಂದು ತಿಳಿಸಿದರು. ಬುದ್ಧರು ಕೊನೆಗೆ ಬಂದವನ ಹೊಟ್ಟೆಯನ್ನು ಮೊದಲು ವಿಚಾರಿಸಿದರು. ನಾನು ಮಾತು ಮೊದಲು ಹೇಳಿ, ಕೊನೆಗೆ ಉಣ್ಣುವವರನ್ನು ವಿಚಾರಿಸಲೇ ಇಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ಐವರೂ ಒಟ್ಟಿಗೆ ಕೂರುತ್ತೇವೆ. ಒಂದೇ ಸೌಟು, ಎಲ್ಲರಿಗೂ ಅಷ್ಟಷ್ಟೇ. ಬೇಳೆ ತಿಳಿಯಾದರೆ ಎಲ್ಲರ ತಾಟಿನಲ್ಲೂ ತಿಳಿ. ಚೀಟಿಯಲ್ಲಿ ನನ್ನ ಚಹಾ ಭಜಿಯ ಲೆಕ್ಕವೂ ಬರುತ್ತದೆ.

2025ರ ಜನವರಿಯಲ್ಲಿ ನಮ್ಮ ಬಳಗದ ಐದು ಮನೆಯವರು ಕೂಡಿ ಸುಗ್ಗಿಯಲ್ಲೇ ಒಂದು ಕ್ವಿಂಟಲ್ ತೊಗರಿ ಕೊಂಡೆವು. ನಮ್ಮ ಜಿಲ್ಲೆಯೇ ತೊಗರಿ ಬೆಳೆಯುತ್ತದೆ. ಆದರೂ ನಮ್ಮವರು ಸುಗ್ಗಿಯಲ್ಲಿ ಕಾಳು ಮಾರಿ, ಮಳೆಗಾಲದಲ್ಲಿ ಅದನ್ನೇ ಬೇಳೆಯಾಗಿ ತುಟ್ಟಿ ಬೆಲೆಗೆ ತರುತ್ತಾರೆ. ಆ ಹಂಗಾಮಿನ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಕ್ವಿಂಟಲ್ ಕಾಳಿಗೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಅಂದರೆ ಕಿಲೋಗೆ ಸುಮಾರು 108, ಮೇಲೆ ಒಡೆಸುವ ಖರ್ಚು. ಅವ್ವ ಕೆಮ್ಮಣ್ಣು ಹಚ್ಚಿ ಒಣಗಿಸುವ ಹಳೆಯ ಪದ್ಧತಿ ಹೇಳಿಕೊಟ್ಟಳು. ಗಂಡಸರೂ ಕೂತು ಹಸನು ಮಾಡಿದೆವು. ಉದ್ರಿ ಖಾತೆ ಇಲ್ಲದೆ ಐದು ಮನೆಗೆ ಬೇಳೆ ಬಂತು. ಗೃಹಸ್ಥನ ನಾಲ್ಕು ಸುಖಗಳಲ್ಲಿ ಬುದ್ಧರು ಸಾಲವಿಲ್ಲದಿರುವ ಸುಖವನ್ನೂ ಎಣಿಸಿದ್ದು ಯಾಕೆಂದು ಆಗ ತಿಳಿಯಿತು.

ಮನೆಯಲ್ಲಿ ತೂಗಿಸಿದರೆ ಎಲ್ಲ ಮುಗಿಯಿತೆಂದು ನಾನು ಹೇಳುತ್ತಿಲ್ಲ. ನಮ್ಮ ಹಿರಿಯರ ಹಸಿವಿಗೆ ಹಣೆಬರಹ ಎಂಬ ಹೆಸರು ಕೊಟ್ಟು ಸುಮ್ಮನಾಗಿಸಿದ್ದರು. ತುಟ್ಟಿ ಹಣೆಬರಹವಲ್ಲ. ಎಣ್ಣೆಯ ಮೇಲಿನ ಸುಂಕ ಮನುಷ್ಯರು ಕೂತು ಮಾಡಿದ ತೀರ್ಮಾನ. 2025ರ ಮೇ 30ರಂದು ಅದೇ ಸರ್ಕಾರ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಕೂಟದಂತ ಸುತ್ತದಲ್ಲಿ ರಾಜನಿಗೆ ಸಿಕ್ಕ ಸಲಹೆ ನೆನಪಿಡಿ. ಕಳ್ಳರನ್ನು ದಂಡಿಸಿ ನಾಡು ನೆಮ್ಮದಿಯಾಗದು, ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ಸೇವಕನಿಗೆ ವೇತನ ಕೊಡು ಎಂದು. ಹೊಟ್ಟೆಯ ಹೊಣೆ ಆಳುವವರದೂ ಹೌದು. ಪಡಿತರದ ತೂಕದಲ್ಲಿ, ಕೂಲಿಯ ದರದಲ್ಲಿ ಅನ್ಯಾಯವಾದರೆ ಕೇಳಲೇಬೇಕು. ಆದರೆ ಹೊರಗೆ ಸಮತೆ ಕೇಳುವವರ ಅಡುಗೆಮನೆಯಲ್ಲಿ ಕೊನೆಯ ಪಂಕ್ತಿ ಇರಬಾರದು.

ಕೊನೆಯದಾಗಿ ಒಂದು ಮಾತು. ಬೇಳೆಯ ಬೆಲೆ ಆಮೇಲೆ ಇಳಿಯಿತು. ಆದರೆ ತುಟ್ಟಿಯಲ್ಲಿ ಖಾಲಿಯಾದ ತಾಟು ಬೆಲೆ ಇಳಿದ ಕೂಡಲೇ ತಾನಾಗಿ ತುಂಬುವುದಿಲ್ಲ. ಬಿಡುವುದು ರೂಢಿಯಾದವರು ಕೇಳುವುದಿಲ್ಲ, ನಾವೇ ಕೇಳಬೇಕು. ನನ್ನ ಮಗಳು ಈಗ ಎರಡನೆಯ ಸಲ ಬೇಳೆ ಹಾಕಿಸಿಕೊಳ್ಳುತ್ತಾಳೆ. ಒಂದು ಸಲವೂ "ಸೇರೂದಿಲ್ಲ" ಅಂದಿಲ್ಲ.

ಇಂದಿನ ಅಭ್ಯಾಸ: ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರ ಜೊತೆ ಕೂತುಕೊಳ್ಳಿ. ಬೋಗುಣಿಯಲ್ಲಿ ಏನು ಉಳಿದಿದೆ ನೋಡಿ.

ಸಾಧು, ಸಾಧು, ಸಾಧು. ಜೈ ಭೀಮ್.