ಹುಡಿಯೊಳಗಣ ಹೊನ್ನು

ಒಬ್ಬನು ಎಸೆದ ವಸ್ತುವು ಮತ್ತೊಬ್ಬನ ಅಂಗಳದಲ್ಲಿ ಬಹುಕಾಲ ಬಿದ್ದಿದ್ದು, ಅದರ ಉಪದ್ರವವನ್ನೆಲ್ಲ ಆ ಅಂಗಳದವನೇ ಸಹಿಸಿಕೊಂಡಿರಲು, ಒಂದು ದಿನ ಅದಕ್ಕೆ ಬೆಲೆ ಬಂದರೆ ಆ ಬೆಲೆಯು ಯಾರಿಗೆ ಸಲ್ಲತಕ್ಕದ್ದು? ಈ ಪ್ರಶ್ನೆಯು ತರ್ಕವಿನೋದಕ್ಕಾಗಿ ಹುಟ್ಟಿದುದಲ್ಲ. ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಅದು ದಿಬ್ಬದ ರೂಪವನ್ನು ತಾಳಿ ನಿಂತಿದೆ.

೧೮೮೦ರ ಸುಮಾರಿನಿಂದ ೨೦೦೧ರ ವರೆಗೆ ಅಲ್ಲಿ ಭೂಗರ್ಭದಿಂದೆತ್ತಿದ ಕಲ್ಲನ್ನು ಗಿರಣಿಯಲ್ಲಿ ಹಿಟ್ಟಿನಂತೆ ಅರೆದು, ಮೊದಮೊದಲು ಪಾದರಸದಿಂದಲೂ ತರುವಾಯ ಸಯನೈಡು ಬೆರೆತ ನೀರಿನಿಂದಲೂ ಹೊನ್ನನ್ನು ಬೇರ್ಪಡಿಸುತ್ತಿದ್ದರು. ಕೊನೆಗಾಲದಲ್ಲಿ ಟನ್ನು ಕಲ್ಲಿಗೆ ದೊರೆಯುತ್ತಿದ್ದುದು ಕೆಲವೇ ಗ್ರಾಂ, ಮಿಕ್ಕುದೆಲ್ಲವೂ ಹುಡಿ. ಆ ಹುಡಿಯು ೩ ಕೋಟಿ ಟನ್ನುಗಳಿಗೂ ಮೀರಿ, ೧೩ ದಿಬ್ಬಗಳಾಗಿ ಜನವಸತಿಯ ನಡುವೆಯೇ ಬೆಳೆಯಿತು. ಸಯನೈಡು ಬಿಸಿಲಿಗೆ ಬಹುಮಟ್ಟಿಗೆ ಅಳಿದುಹೋಗುವುದು ನಿಜ. ಕಲ್ಲಿನ ಹುಡಿಗೆ ಅಂಥ ಅಳಿವಿಲ್ಲ. ಗಾಳಿ ಎದ್ದಾಗ ಅದು ಅನ್ನದ ತಟ್ಟೆಯ ಮೇಲೂ ಕೂಸಿನ ತೊಟ್ಟಿಲ ಮೇಲೂ ಭೇದವೆಣಿಸದೆ ಕೂರುವುದು.

ಅಲ್ಲಿಯ ಯಂತ್ರಗಳನ್ನು ೧೯೦೨ರಿಂದ ನಡೆಸಿದುದು ಶಿವನಸಮುದ್ರದ ಜಲವಿದ್ಯುತ್ತು. ಬೆಂಗಳೂರಿನ ಬೀದಿಗೆ ಆ ಬೆಳಕು ಬಂದುದು ಮೂರು ವರುಷಗಳ ಅನಂತರ. ಹೊಗೆಯಿಲ್ಲದ ಶಕ್ತಿಯನ್ನೇ ‘ಹಸಿರು’ ಎನ್ನುವುದಾದರೆ ಈ ಗಣಿಗಳು ಶತಮಾನದ ಹಿಂದೆಯೇ ಹಸಿರಾಗಿದ್ದುವು! ಆದರೂ ಕೂಲಿಯವನ ಎದೆಯೊಳಗೆ ಇಳಿದ ಹುಡಿಯು ಇಳಿದೇ ಇಳಿಯಿತು.

೨೦೨೪ರ ಜೂನ್ ತಿಂಗಳಿನಲ್ಲಿ, ಈ ದಿಬ್ಬಗಳಿರುವ ಸಾವಿರ ಎಕರೆಗೂ ಮಿಕ್ಕ ಭೂಮಿಯಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರ ಸರಕಾರದ ಆಲೋಚನೆಗೆ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಹೊಸ ನೆಲವನ್ನು ಅಗೆಯದೆ ಕಸದಿಂದ ಸಿರಿಯನ್ನು ತೆಗೆಯುವುದು ಶ್ಲಾಘ್ಯವೇ. ಆದರೆ ದಿಬ್ಬವನ್ನು ಕೆದಕಿದಾಗ ಏಳುವ ಧೂಳಿಗೆ ಹಳೆಯ ಮನೆಗಳ ದಾರಿಯು ಚೆನ್ನಾಗಿ ಗೊತ್ತು.

೨೦೧೫ರ ತಿದ್ದುಪಡಿಯಿಂದ ಗಣಿಗಳ ಕಾಯಿದೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನವೆಂಬುದು ಸೇರಿದೆ. ಹರಾಜಿನಲ್ಲಿ ಗುತ್ತಿಗೆ ಪಡೆದವನು ರಾಜಧನದ ನೂರಕ್ಕೆ ೧೦ರಷ್ಟು ಹಣವನ್ನು ಗಣಿಯಿಂದ ಬಾಧಿತರಾದವರ ಕ್ಷೇಮಕ್ಕಾಗಿ ಅದಕ್ಕೆ ಕೊಡತಕ್ಕದ್ದು. ಇದನ್ನು ಔದಾರ್ಯವೆಂದು ಬಗೆಯುವವರುಂಟು. ದಾನಕ್ಕೂ ಋಣಕ್ಕೂ ಇರುವ ಭೇದವನ್ನು ಅವರು ಮರೆಯುವರು. ದಾನಿಯು ಕೊಡುವ ಕಾಲವನ್ನೂ ಅಳತೆಯನ್ನೂ ತಾನೇ ಗೊತ್ತುಮಾಡುವನು. ಋಣಿಯಾದವನು ಕೊಟ್ಟವನನ್ನು ಕೇಳದೆ ಲೆಕ್ಕವನ್ನು ತೀರಿಸಲಾರನು. ಇಲ್ಲಿ ಕೊಟ್ಟವರು ಊರಿನವರು. ಕೊಟ್ಟುದು ತಮ್ಮ ಗಾಳಿಯನ್ನು.

ದುಡಿದವರಿಗೆ ಆಗಲೇ ಕೂಲಿ ಸಂದಿತಲ್ಲ ಎಂದು ಆಕ್ಷೇಪಿಸಬಹುದು. ಕೂಲಿಯು ತೋಳಿನ ಕೆಲಸಕ್ಕೆ ಸಂದಿತು. ಉಸಿರು ಆ ಒಪ್ಪಂದದಲ್ಲಿ ಇರಲಿಲ್ಲ. ಮೇಲಾಗಿ, ತೊಟ್ಟಿಲ ಕೂಸು ಯಾವ ಗಣಿಯಲ್ಲಿಯೂ ಕೂಲಿ ಪಡೆಯಲಿಲ್ಲ.

ಆದುದರಿಂದ ಊರಿನವರನ್ನು ಮೊದಲು ಕೇಳಬೇಕೆಂಬುದು ಉಪಚಾರದ ಮಾತಲ್ಲ. ಕೇಳುವ ರೀತಿಯೂ ವಿಚಾರಾರ್ಹವಾದುದು. ಗಣಿ ಮುಚ್ಚಿದ ತರುವಾಯ ಅಲ್ಲಿಯ ಅನೇಕರು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವರು. ಅಹವಾಲು ಕೇಳುವ ಸಭೆಯನ್ನು ಅಧಿಕಾರಿಗಳು ವಾರದ ನಡುವಣ ಹಗಲಿನಲ್ಲಿ ಕರೆದರೆ ಅವರಾರೂ ಅಲ್ಲಿ ಇರಲಾರರು.